ಪಟ್ಟಿಯಲ್ಲಿದ್ದ ಮೂರನೆಯದು

ಎರಡು ಸಾವಿರದ ಎಂಟರ ಸುಮಾರಿಗೆ ನಾನು ಹೊಳಲ್ಕೆರೆಯಲ್ಲಿ ಮನೆಯಲ್ಲೇ ಡಿಟಿಪಿ ಕೆಲಸ ಮಾಡುತ್ತಿದ್ದೆ. ಬೀದಿ ಕಡೆಯ ಕೋಣೆಯಲ್ಲಿ ಎರಡು ಕಂಪ್ಯೂಟರು, ದಾವಣಗೆರೆಯ ಯಾವುದೋ ಆಫೀಸಿನವರು ತೆಗೆದುಹಾಕಿದ್ದನ್ನು ಕೊಂಡು ತಂದ ಒಂದು ದೊಡ್ಡ ಪ್ರಿಂಟರು, ಗೋಡೆಗೆ ಅಂಟಿಸಿದ ಲಗ್ನಪತ್ರಿಕೆಯ ಮಾದರಿಗಳು. ನಮ್ಮನೆಯವರು ಚಿಕ್ಕಜಾಜೂರು ಜಂಕ್ಷನ್ನಿನಲ್ಲಿ ರೈಲ್ವೆ ಕೆಲಸದಲ್ಲಿದ್ದರು. ಪಾಳಿ ಇದ್ದಂತೆ ಹೋಗುವುದು, ಬರುವುದು. ಮೇಲಿನ ಮನೆಯನ್ನು ಒಬ್ಬ ಟೀಚರಿಗೆ ಬಾಡಿಗೆಗೆ ಕೊಟ್ಟಿದ್ದೆವು. ಹಿರಿಯೂರು ತಾಲ್ಲೂಕಿನ ಯಲ್ಲದಕೆರೆಯ ಹುಡುಗಿ, ಇಪ್ಪತ್ತೈದರ ಆಸುಪಾಸು. ಊರಿನ ಒಂದು ಖಾಸಗಿ ಹೈಸ್ಕೂಲಿನಲ್ಲಿ ಗಣಿತ ಹೇಳುತ್ತಿದ್ದಳು. ಸಂಜೆ ಎಸ್ಸೆಸ್ಸೆಲ್ಸಿ ಮಕ್ಕಳು ಅವಳ ಹತ್ತಿರ ಟ್ಯೂಷನ್ನಿಗೆ ಬರುತ್ತಿದ್ದರು. ಮೆಟ್ಟಿಲ ಬುಡದಲ್ಲಿ ಚಪ್ಪಲಿಗಳ ರಾಶಿ. ನನ್ನನ್ನು ಅಕ್ಕ ಅನ್ನುತ್ತಿದ್ದಳು. ನಾನು ರೊಟ್ಟಿ ಬಡಿದ ದಿನ ಎರಡು ಮೇಲಕ್ಕೆ ಹೋಗುತ್ತಿದ್ದವು, ಅವಳು ಊರಿಗೆ ಹೋಗಿಬಂದ ದಿನ ಹಸಿ ಶೇಂಗಾ ಕೆಳಕ್ಕೆ ಬರುತ್ತಿತ್ತು.

ನನಗೆ ಹೆಸರು ತಂದುಕೊಟ್ಟ ಕೆಲಸ ಅಂದರೆ ಪ್ರಶ್ನೆಪತ್ರಿಕೆಯದು. ಸುತ್ತಲಿನ ಆರೇಳು ಹೈಸ್ಕೂಲುಗಳು ಸೇರಿ ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಪೂರ್ವಸಿದ್ಧತಾ ಪರೀಕ್ಷೆ ನಡೆಸುತ್ತಿದ್ದವು. ಅದರ ಉಸ್ತುವಾರಿ ಒಬ್ಬ ಹೆಡ್ಮಾಸ್ಟರದು. ನಾನು ಹೈಸ್ಕೂಲಿನಲ್ಲಿದ್ದಾಗ ನನಗೆ ಕನ್ನಡ ಹೇಳಿದ ಮೇಷ್ಟ್ರು ಅವರೇ. ಕೈಬರಹದ ಹಾಳೆ ಅವರೇ ತಂದುಕೊಡುವರು. ನಾನು ಟೈಪ್ ಮಾಡಿ, ಪ್ರಿಂಟ್ ತೆಗೆದು, ಅವರ ಎದುರಿಗೇ ಕವರಿಗೆ ಹಾಕುವೆ. ಅವರು ತಮ್ಮ ಕೈಯಾರೆ ಅರಗಿನ ಸೀಲು ಒತ್ತಿ ಒಂದೊಂದು ಶಾಲೆಗೂ ತಲುಪಿಸುವರು. ಕೆಟ್ಟ ಹಾಳೆಗಳನ್ನು ನಾನು ಒಲೆಗೆ ಹಾಕುವಾಗಲೂ ನಿಂತು ನೋಡುವರು. ಆ ವರ್ಷ ಅವರು ರಿಟೈರ್ ಆಗಲು ನಾಲ್ಕು ತಿಂಗಳು ಉಳಿದಿತ್ತು.

ಗಣಿತ ಪರೀಕ್ಷೆಗೆ ಎರಡು ದಿನ ಇದೆ ಅನ್ನುವಾಗ ಬಸ್‌ಸ್ಟ್ಯಾಂಡಿನಲ್ಲಿ ಮಕ್ಕಳ ಕೈಯಲ್ಲಿ ಒಂದು ಜೆರಾಕ್ಸ್ ಹಾಳೆ ಸಿಕ್ಕಿತು. ಯಾರೋ ಕೈಯಲ್ಲಿ ಬರೆದು ಜೆರಾಕ್ಸ್ ಮಾಡಿಸಿದ್ದು. ಪ್ರಶ್ನೆಗಳು ನಮ್ಮವೇ, ಅದೇ ಕ್ರಮದಲ್ಲಿ. ಪರೀಕ್ಷೆ ನಿಂತುಹೋಯಿತು. ಮೇಷ್ಟ್ರಿಗೆ ಮೇಲಧಿಕಾರಿಗಳಿಂದ ವಿವರಣೆ ಕೇಳಿ ಕಾಗದ ಬಂತು.

ಅವತ್ತು ಮಧ್ಯಾಹ್ನ ಅವರು ನಮ್ಮ ಮನೆಗೆ ಬಂದರು. "ಕುಂತ್ಕಳ್ರಿ ಮೇಷ್ಟ್ರೆ" ಅಂದರೂ ಕೂರಲಿಲ್ಲ. ಬಾಗಿಲ ಚೌಕಟ್ಟು ಹಿಡಿದು ನಿಂತೇ ಮಾತಾಡಿದರು.

"ನಿನ್ನ ಮನೆಯಿಂದ ಹೊರಗೆ ಹೋಗಿಲ್ಲ ಅಂತ ನನ್ನ ಮುಂದೆ ಒಂದು ಮಾತು ಹೇಳವ್ವ. ನನಗೆ ಅಷ್ಟು ಸಾಕು."

"ಇಲ್ಲ ಮೇಷ್ಟ್ರೆ. ನನ್ನ ಕೈಯಿಂದ ಒಂದಕ್ಷರ ಹೊರಗೆ ಹೋಗಿಲ್ಲ."

"ನಿನ್ನ ಕೈಯಿಂದ ಹೋಗಿರಾಕಿಲ್ಲ. ಈ ಇಂಟರ್ನೆಟ್ಟು ಅಂತ ಹಾಕಿಸಿಯಲ್ಲ, ಇದರೊಳಗಿಂದ ಹೊರಗಿನವರು ಬಂದು ನೋಡಾಕೆ ಬರ್ತೈತಂತೆ. ನಮ್ಮ ಶಾಲೆಯ ಕ್ಲರ್ಕು ಹೇಳ್ತಿದ್ದ. ಅದನ್ನೊಂದು ವಿಚಾರಿಸು."

ಅವರು ಹೋದಮೇಲೆ ನಾನು ಚಿತ್ರದುರ್ಗದ ಕಂಪ್ಯೂಟರ್ ಅಂಗಡಿಯವರಿಗೆ ಫೋನು ಮಾಡಿದೆ. ನನ್ನ ಕಂಪ್ಯೂಟರುಗಳ ರಿಪೇರಿಯೆಲ್ಲ ಅವರದೇ. ಮೋಡೆಮ್ ಒಳಗೆ ಒಂದು ಪುಟ ಇರುತ್ತದೆ, ಅದಕ್ಕೆ ಯಾವ ಯಾವ ಯಂತ್ರ ಕೂಡಿಕೊಂಡಿವೆ ಅನ್ನುವ ಪಟ್ಟಿ ಅಲ್ಲಿ ಸಿಗುತ್ತದೆ ಅಂದರು. ಫೋನಿನಲ್ಲೇ ಒಂದೊಂದಾಗಿ ಹೇಳಿಕೊಟ್ಟು ಆ ಪುಟ ತೆಗೆಸಿದರು.

"ನಿಮ್ಮ ಮನೆಯಾಗೆ ಎಷ್ಟು ಕಂಪ್ಯೂಟರ್ ಅವೆ ಅಕ್ಕಾರೆ?"

"ಎರಡು."

"ಪಟ್ಟಿಯಾಗೆ ಎಷ್ಟು ಅವೆ?"

ಪಟ್ಟಿಯಲ್ಲಿ ಮೂರಿದ್ದವು. ಮೊದಲ ಎರಡರ ಮುಂದೆ ನನ್ನ ಕಂಪ್ಯೂಟರುಗಳಿಗೆ ನಾನೇ ಇಟ್ಟ ಹೆಸರಿತ್ತು. ಮೂರನೆಯದರ ಮುಂದೆ ಹೆಸರಿನ ಜಾಗ ಖಾಲಿ. ಒಂದು ನಂಬರು, ಪಕ್ಕದಲ್ಲಿ ಅಂಕಿ ಅಕ್ಷರ ಬೆರೆತ ಹನ್ನೆರಡು ಸ್ಥಾನದ ಒಂದು ಗುರುತು, ಅಷ್ಟೇ. ಮೂರು ಗಂಟೆಯ ಹಿಂದೆ ಮೇಷ್ಟ್ರಿಗೆ ಇಲ್ಲ ಅಂದಿದ್ದೆ. ಯಾರೋ ನನ್ನ ಮನೆಯೊಳಗೆ ಕೂತಿದ್ದಾರೆ, ಎಷ್ಟು ದಿನದಿಂದ ಕೂತಿದ್ದಾರೋ ಗೊತ್ತಿಲ್ಲ. ನಾನು ಟೈಪ್ ಮಾಡುವಾಗಲೂ ಇದ್ದರೋ ಏನೋ.

ಆ ಗುರುತಿನ ಮೊದಲ ಆರು ಸ್ಥಾನ ನೋಡಿದರೆ ಯಂತ್ರ ಯಾವ ಕಂಪನಿಯದು ಅಂತ ಗೊತ್ತಾಗುತ್ತದಂತೆ. ಅಂಗಡಿಯವರು ಬರೆದುಕೊಂಡು, ಹುಡುಕಿ, ಅರ್ಧ ಗಂಟೆ ಬಿಟ್ಟು ಫೋನು ಮಾಡಿ ಒಂದು ವಿದೇಶಿ ಕಂಪನಿಯ ಹೆಸರು ಹೇಳಿದರು.

"ಅವರದು ಕಂಪ್ಯೂಟರ್ ಭಾಳ ಬರ್ತಾವೆ. ನಿಮ್ಮ ಮೋಡೆಮ್ಮು ವೈರ್‌ಲೆಸ್ ಐತೆ, ಪಾಸ್‌ವರ್ಡೂ ಇಲ್ಲ. ಅಕ್ಕಪಕ್ಕದವರು ಯಾರೋ ಎಳ್ಕಂತಿದಾರೆ. ಗೋಡೆಯಾಚೆಯಿಂದಲೂ ಸಿಗ್ತೈತೆ, ಮೇಲಿನ ಮನೆಗಂತೂ ಇನ್ನೂ ಚೆನ್ನಾಗಿ ಸಿಗ್ತೈತೆ."

ಟೀಚರ್ ಮನೆಯಲ್ಲಿ ಒಂದು ಕಂಪ್ಯೂಟರಿತ್ತು. ಅದರ ಮುಂಭಾಗದಲ್ಲಿ ಅದೇ ಕಂಪನಿಯ ಹೆಸರಿತ್ತು. ಒಮ್ಮೆ ಮೇಲೆ ಹೋದಾಗ ನಾನೇ ಧೂಳು ಒರೆಸಿ ಓದಿದ್ದೆ.

ಅವಳೇ ಅಂತ ಒಪ್ಪಿಕೊಳ್ಳಲು ಮನಸ್ಸು ಬರಲಿಲ್ಲ. ನಮ್ಮನೆಯವರು ಡ್ಯೂಟಿಯಿಂದ ಬಂದಮೇಲೆ ಹೇಳಿದೆ. ಅವರು ಬೂಟಿನ ಲಾಡಿ ಬಿಚ್ಚುತ್ತ, "ಗಣಿತದ ಟೀಚರ್ರು. ಗಣಿತದ ಪೇಪರ್ರು. ಟ್ಯೂಷನ್ ಮಕ್ಕಳು. ಇದಕ್ಕಿಂತ ಇನ್ನೇನು ಬೇಕು ನಿನಗೆ?" ಅಂದರು.

ಇನ್ನೂ ಏನಾದರೂ ಬೇಕಿತ್ತು ನನಗೆ. ಆ ನಂಬರನ್ನು ಕೂಗಿ ನೋಡುವ ಒಂದು ವಿಧಾನ ಅಂಗಡಿಯವರು ಹೇಳಿಕೊಟ್ಟಿದ್ದರು. ಪರದೆ ಮೇಲೆ ಕಪ್ಪು ಚೌಕವೊಂದನ್ನು ತೆರೆದು ನಂಬರು ಹೊಡೆದರೆ, ಆ ಯಂತ್ರ ಚಾಲೂ ಇದ್ದಷ್ಟು ಹೊತ್ತೂ 'ರಿಪ್ಲೈ' ಅನ್ನುವ ಸಾಲುಗಳು ಒಂದರ ಕೆಳಗೊಂದು ಬರುತ್ತಾ ಹೋಗುತ್ತವೆ; ಆರಿಸಿದರೆ ನಿಂತುಹೋಗುತ್ತವೆ. ಅದನ್ನು ಹಚ್ಚಿಟ್ಟು ಎರಡು ದಿನ ಅದರ ಮುಂದೆಯೇ ಕೂತೆ. ಅಡುಗೆ ಮಾಡಿದರೆ ಮಾಡಿದೆ, ಇಲ್ಲದಿದ್ದರೆ ಇಲ್ಲ. ಬೀದಿಯಲ್ಲಿ ಯಾರಾದರೂ ನಿಂತು ಮಾತಾಡಿದರೆ ನನ್ನ ಬಗ್ಗೆಯೇ ಅನ್ನಿಸುತ್ತಿತ್ತು. ಲಗ್ನಪತ್ರಿಕೆ ಮಾಡಿಸಲು ಕೊಟ್ಟಿದ್ದ ಒಬ್ಬರು ಬಂದು, "ಬ್ಯಾಡ ಬಿಡ್ರಿ, ದುರ್ಗದಾಗೆ ಮಾಡಿಸ್ತೀವಿ" ಅಂತ ಹಾಳೆ ವಾಪಸ್ ತೆಗೆದುಕೊಂಡು ಹೋದರು. ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ.

ಬೆಳಗ್ಗೆ ಹನ್ನೊಂದಕ್ಕೂ ರಿಪ್ಲೈ ಬರುತ್ತಿತ್ತು. ಆಗ ಟೀಚರ್ ಶಾಲೆಯಲ್ಲಿರುವ ಹೊತ್ತು, ಮೇಲಿನ ಮನೆಗೆ ಬೀಗ. ಅಷ್ಟಕ್ಕೇ ನಾನು ನಿಂತು ಯೋಚಿಸಬೇಕಿತ್ತು. ಕಂಪ್ಯೂಟರ್ ಆರಿಸದೇ ಹೋಗಿದ್ದಾಳೆ ಅಂದುಕೊಂಡೆ.

ಎರಡನೇ ದಿನ ಸಂಜೆ ಆರಕ್ಕೆ ಲೋಡ್ ಶೆಡ್ಡಿಂಗ್‌ನಲ್ಲಿ ಕರೆಂಟು ಹೋಯಿತು. ನನ್ನ ಕಂಪ್ಯೂಟರೂ ಮೋಡೆಮ್ಮೂ ಯುಪಿಎಸ್ ಮೇಲೆ ಇದ್ದುದರಿಂದ ನಡೆಯುತ್ತಲೇ ಇದ್ದವು. ಕಪ್ಪು ಚೌಕದಲ್ಲಿ ರಿಪ್ಲೈ ಥಟ್ಟನೆ ನಿಂತಿತು. ಅದೇ ಗಳಿಗೆಗೆ ಮೇಲಿಂದ ಟ್ಯೂಷನ್ ಮಕ್ಕಳು ಗಲಾಟೆ ಮಾಡಿದ್ದು ಕೇಳಿಸಿತು. ಹೊರಗೆ ಬಂದು ಮೆಟ್ಟಿಲ ಬುಡದಲ್ಲಿ ನಿಂತು ನೋಡಿದೆ. ಟೀಚರ್ ಕಿಟಕಿಯಲ್ಲಿ ಮೇಣದಬತ್ತಿ ಹಚ್ಚಿಡುತ್ತಿದ್ದಳು. ಅವಳ ಹತ್ತಿರ ಯುಪಿಎಸ್ ಇರಲಿಲ್ಲ. ನನ್ನ ಅನುಮಾನಕ್ಕೆ ಪೂರ್ತಿ ಬಲ ಬಂತು. ಅಲ್ಲೇ ಅಷ್ಟು ಹೊತ್ತು ನಿಂತುಬಿಟ್ಟಿದ್ದೆನೋ ಏನೋ, ಕರೆಂಟು ಬಂದಾಗ ನಾನಿನ್ನೂ ಮೆಟ್ಟಿಲ ಹತ್ತಿರವೇ ಇದ್ದೆ. ಒಳಗೆ ಹೋಗಿ ನೋಡಿದರೆ ಸಾಲುಗಳು ಮತ್ತೆ ಬರುತ್ತಿದ್ದವು.

ಮಕ್ಕಳು ಹೋದಮೇಲೆ ನಾನೂ ನಮ್ಮನೆಯವರೂ ಮೇಲೆ ಹೋದೆವು. ಅವಳು ನಮ್ಮ ಮುಖ ನೋಡಿ ಚಾಪೆ ಹಾಸಿದಳು. "ಬರ್ರಿ ಅಕ್ಕ, ಬರ್ರಿ ಅಣ್ಣ" ಅಂದಳು.

"ನನ್ನ ಇಂಟರ್ನೆಟ್ ಎಳ್ಕಂಡಿದೀಯೇನವ್ವ?" ಅಂತ ಕೇಳಿದೆ.

"ಇಲ್ಲಕ್ಕ. ಅವತ್ತು ಅರ್ಜಿ ಹಾಕಬೇಕಿತ್ತು ಅಂತ ನೀವೇ ಒಂದಿನ ವೈರು ಕೊಟ್ಟಿದ್ರಲ್ಲ, ಅಷ್ಟೇ. ಆಮೇಲೆ ವಾಪಸ್ ಕೊಟ್ಟಿದೀನಿ."

"ವೈರ್ ಇಲ್ದೇನೂ ಬರ್ತೈತಂತೆ. ಕಂಪ್ಯೂಟರ್ ಹಿಂದ್ಗಡೆ ಅದೇನು ಕಡ್ಡಿ ಸಿಗಿಸಿದೀಯ?"

ಅವಳು ಅದನ್ನು ಕಿತ್ತು ನನ್ನ ಅಂಗೈಗೆ ಕೊಟ್ಟಳು. "ಪೆನ್ ಡ್ರೈವ್ ಅಕ್ಕ. ಮಕ್ಕಳ ನೋಟ್ಸ್ ಅವೆ. ನೀವೇ ನೋಡ್ರಿ."

ನಾನು ನೋಡಲಿಲ್ಲ. ಗಣಿತದ ಪೇಪರು ಅಂದೆ, ಮೇಷ್ಟ್ರ ಹೆಸರು ಎತ್ತಿದೆ, ನನ್ನ ಕರುಳು ಸುಟ್ಟುಹೋಗಿದೆ ಅಂದೆ. ನನ್ನ ದನಿ ಏರುತ್ತಿದ್ದುದು ನನಗೇ ಕೇಳುತ್ತಿತ್ತು, ಬೀದಿಗೂ ಕೇಳಿರಬೇಕು. ಅವಳು ಅಳಲಿಲ್ಲ, ಜಗಳಕ್ಕೂ ನಿಲ್ಲಲಿಲ್ಲ. "ನಾನು ತಗಂಡಿಲ್ಲ ಅಕ್ಕ" ಅಂತ ಎರಡು ಸಲ ಹೇಳಿದಳು.

ಮಾರನೇ ದಿನ ನಾನೇ ಮೇಷ್ಟ್ರ ಮನೆಗೆ ಹೋಗಿ ಎಲ್ಲ ಹೇಳಿದೆ. ಕಂಪನಿ ಹೆಸರು, ಕರೆಂಟು ಹೋದದ್ದು, ಟ್ಯೂಷನ್ನು. ಅವರು ಅವಳ ಶಾಲೆಯ ಆಡಳಿತದವರಿಗೆ ತಿಳಿಸಿದರು. ಶಾಲೆಯವರು ವಿಚಾರಣೆ ಅಂತ ಏನೂ ಮಾಡಲಿಲ್ಲ. ತಿಂಗಳ ಕೊನೆಯಿಂದ ಬರುವುದು ಬೇಡ ಅಂದರಂತೆ. ಟ್ಯೂಷನ್ನಿಗೆ ಮಕ್ಕಳನ್ನು ಕಳಿಸುವುದನ್ನು ತಂದೆತಾಯಿಗಳು ತಾವಾಗಿಯೇ ನಿಲ್ಲಿಸಿದರು. ಮೆಟ್ಟಿಲ ಬುಡ ಖಾಲಿಯಾಯಿತು. ಯಲ್ಲದಕೆರೆಯಿಂದ ಅವಳ ಅಣ್ಣ ಟೆಂಪೋ ತಂದು ಸಾಮಾನು ತುಂಬಿದ. ಬೀಗದ ಕೈ ಕೊಡಲು ಅವಳು ಒಳಗೆ ಬರಲಿಲ್ಲ, ಕಿಟಕಿಯ ಕಟ್ಟೆ ಮೇಲೆ ಇಟ್ಟು ಹೋದಳು.

ಆಮೇಲಾದರೂ ನೆಮ್ಮದಿ ಆಗಬೇಕಿತ್ತು. ಆಗಲಿಲ್ಲ. ಮೂರು ದಿನ ಆ ಕಪ್ಪು ಚೌಕ ತೆರೆಯುವ ಧೈರ್ಯವೇ ಬರಲಿಲ್ಲ. ನಾಲ್ಕನೇ ದಿನ ಮಧ್ಯಾಹ್ನ, ಪಟ್ಟಿಯಿಂದ ಅದು ಹೋಗಿದೆ ಅಂತ ಖಾತ್ರಿ ಮಾಡಿಕೊಳ್ಳಲು ನಂಬರು ಹೊಡೆದೆ.

ರಿಪ್ಲೈ ಬಂತು. ಮತ್ತೊಂದು ಸಾಲು ಬಂತು. ಬರುತ್ತಲೇ ಇದ್ದವು.

ನಾನು ಎದ್ದು ಮೇಲಕ್ಕೆ ಓಡಿದೆ. ಬೀಗ ತೆಗೆದರೆ ಬರಿಯ ನೆಲ, ಗೋಡೆಯಲ್ಲಿ ಕ್ಯಾಲೆಂಡರ್ ತೂಗುಹಾಕಿದ್ದ ಮೊಳೆ. ಅಲ್ಲಿ ಏನೂ ಇರಲಿಲ್ಲ, ಇರುವುದಿಲ್ಲ ಅಂತ ಮೊದಲೇ ಗೊತ್ತಿತ್ತು. ಆದರೂ ಹುಚ್ಚಿಯ ಹಾಗೆ ಅಟ್ಟವನ್ನೂ ತಡಕಿದೆ. ಕೆಳಗೆ ಬಂದು ಕುರ್ಚಿಯಲ್ಲಿ ಕೂತೆ. ಆ ಹುಡುಗಿ ಅಲ್ಲದಿದ್ದರೆ ಯಾರು ಅನ್ನುವುದಕ್ಕಿಂತ, ಅವಳು ಅಲ್ಲದಿದ್ದರೆ ನಾನು ಏನು ಮಾಡಿದೆ ಅನ್ನುವುದು ಎದೆ ಮೇಲೆ ಕೂತಿತು.

ಮೂರಕ್ಕೆ ಕರೆಂಟು ಹೋಯಿತು. ಸಾಲುಗಳು ನಿಂತವು. ಈ ಸಲ ನಾನು ಜಾಗ ಬಿಟ್ಟು ಏಳಲಿಲ್ಲ. ಯುಪಿಎಸ್ ಕುಯ್ಯೋ ಅನ್ನುತ್ತಿತ್ತು. ಹತ್ತು ನಿಮಿಷ ಆಗಿರಬೇಕು, ಕರೆಂಟು ಬಂತು. ಮೂಲೆಯಲ್ಲಿ ಬಟ್ಟೆ ಹೊದಿಸಿಟ್ಟಿದ್ದ ದೊಡ್ಡ ಪ್ರಿಂಟರು ಎಂದಿನಂತೆ ಗರ್ರ್ ಅಂತ ಸದ್ದು ಮಾಡಿ, ಒಳಗಿನ ಚಕ್ರಗಳನ್ನು ತಿರುಗಿಸಿಕೊಂಡು ಬಿಸಿಯಾಗತೊಡಗಿತು. ಅದು ಬಹಳ ಕರೆಂಟು ಎಳೆಯುತ್ತದೆ ಅಂತ ಅದನ್ನು ಯುಪಿಎಸ್‌ಗೆ ಕೊಟ್ಟಿರಲಿಲ್ಲ. ಸದ್ದು ನಿಂತಿತು. ಪರದೆ ಮೇಲೆ ರಿಪ್ಲೈ ಶುರುವಾಯಿತು.

ನಾನು ಹೋಗಿ ಪ್ರಿಂಟರಿನ ಪ್ಲಗ್ಗು ಕಿತ್ತೆ. ಸಾಲು ನಿಂತಿತು. ಹಾಕಿದೆ. ಗರ್ರ್ ಅಂದಿತು, ಸಾಲು ಬಂತು. ಮತ್ತೆ ಕಿತ್ತೆ. ನಾಲ್ಕೈದು ಸಲ ಹಾಗೆ ಮಾಡಿದೆ, ಒಂದು ಸಲವಾದರೂ ತಪ್ಪಾಗಲಿ ಅಂತ. ಆಗಲಿಲ್ಲ. ಪಕ್ಕದ ಬೀರುವನ್ನು ಒತ್ತಿ ಸರಿಸಿ ಹಿಂದೆ ನೋಡಿದರೆ, ಪ್ರಿಂಟರಿನ ವೈರು ನಾನು ಅಂದುಕೊಂಡಂತೆ ನನ್ನ ಕಂಪ್ಯೂಟರಿಗೆ ಹೋಗಿರಲಿಲ್ಲ, ನೇರ ಮೋಡೆಮ್ಮಿಗೆ ಹೋಗಿತ್ತು. ಹೊದಿಕೆ ಎತ್ತಿದೆ. ಮುಂದುಗಡೆ ಅದೇ ಕಂಪನಿಯ ಹೆಸರು, ಹೆಬ್ಬೆರಳಷ್ಟು ದೊಡ್ಡ ಅಕ್ಷರದಲ್ಲಿ. ದಿನಾ ಕಣ್ಣೆದುರಿಗಿದ್ದೂ ನನಗೆ ನೆನಪಾಗಿರಲಿಲ್ಲ.

ಅಂಗಡಿಯವರಿಗೆ ಫೋನು ಮಾಡಿದೆ. "ಕಂಪ್ಯೂಟರ್ ಎಷ್ಟು ಅಂತ ಕೇಳಿದೆ ಅಕ್ಕಾರೆ. ಪ್ರಿಂಟರ್ ಕೇಳಲಿಲ್ಲ. ಮಾರಿದ ದಾವಣಗೆರೆಯವರು ಅದನ್ನ ಹಂಗೆ ಕೂರಿಸಿ ಹೋಗಿದಾರೆ ಅಂತ ನನಗೆ ಗೊತ್ತಿರಲಿಲ್ಲ. ಅದಕ್ಕೂ ಒಂದು ನಂಬರ್ ಇರ್ತೈತೆ" ಅಂದರು.

ನಮ್ಮನೆಯವರಿಗೆ ಹೇಳಿದೆ. ಅವರು ತಾವೂ ಒಂದು ಸಲ ಪ್ಲಗ್ಗು ಕಿತ್ತು ಹಾಕಿ ನೋಡಿದರು. ಆಮೇಲೆ, "ಆಗಿದ್ದು ಆಗಿಹೋತು. ಈಗ ಹೇಳಿದ್ರೆ ಅವಳ ಕೆಲಸವೇನೂ ವಾಪಸ್ ಬರಲ್ಲ, ನಮ್ಮ ಮಾನ ಹೋಗ್ತೈತೆ ಅಷ್ಟೇ. ಸುಮ್ನಿದ್ಬಿಡು" ಅಂದರು. ನಾನು ಸುಮ್ಮನಿದ್ದೆ. ಇದನ್ನು ಮುಚ್ಚಿಡಬಾರದು: ಹತ್ತು ದಿನ ಸುಮ್ಮನೇ ಇದ್ದೆ. ದೇವರ ಮುಂದೆ ದೀಪ ಹಚ್ಚಿದೆ, ಲಗ್ನಪತ್ರಿಕೆ ಟೈಪ್ ಮಾಡಿದೆ, ನೆರೆಯವರು "ಕಳ್ಳಿ ಹೋದಳಂತೆ" ಅಂದಾಗ ಹೂಂ ಅಂದೆ. ಆ ಹೂಂ ಅಂದ ದಿನ ಮಧ್ಯಾಹ್ನ ಊಟಕ್ಕೆ ಕೂತು ತುತ್ತು ಎತ್ತಿದವಳು ಅದನ್ನು ತಟ್ಟೆಗೇ ಬಿಟ್ಟು ಕೈ ತೊಳೆದೆ. ಮಾರನೇ ಬೆಳಗ್ಗೆ ದುರ್ಗದ ಬಸ್ಸು ಹತ್ತಿದೆ.

ದುರ್ಗದಿಂದ ಹಿರಿಯೂರು, ಅಲ್ಲಿಂದ ಯಲ್ಲದಕೆರೆ. ಇಳಿದು ವಿಚಾರಿಸಿಕೊಂಡು ಅವಳ ಮನೆ ಹುಡುಕಿದೆ. ಅಂಗಳದಲ್ಲಿ ಅವಳೂ ಅವಳ ತಾಯಿಯೂ ಶೇಂಗಾ ಸುಲಿಯುತ್ತಿದ್ದರು. ತಾಯಿ ನನ್ನನ್ನು ಗುರುತು ಹಿಡಿದು, "ಹೊಳಲ್ಕೆರೆ ಮನೆಯವರಲ್ಲೇನವ್ವ, ಬಾ, ಕುಂತ್ಕ" ಅಂತ ತಂಬಿಗೆಯಲ್ಲಿ ನೀರು ತಂದುಕೊಟ್ಟರು. "ಇಸ್ಕೂಲಿನಾಗೆ ಟೀಚರುಗಳನ್ನ ಕಡಿಮೆ ಮಾಡಿದ್ರಂತಲ್ಲ. ನಮ್ಮ ಹುಡುಗಿದೇ ನಸೀಬು ಕೆಟ್ಟಿತ್ತು."

ಟೀಚರ್ ಎದ್ದು ಸೆರಗಿನ ಸಿಪ್ಪೆ ಕೊಡವಿದಳು.

"ಬರ್ರಿ ಅಕ್ಕ, ಬಸ್‌ಸ್ಟ್ಯಾಂಡ್ ತನಕ ಹೋಗಾಣ" ಅಂದಳು. ರಸ್ತೆಗೆ ಬಂದಮೇಲೆ, "ಅವ್ವನಿಗೆ ಗೊತ್ತಿಲ್ಲ. ಅಲ್ಲಿ ಹೇಳೋದು ಬ್ಯಾಡ" ಅಂದಳು.

ದಾರಿಯಲ್ಲಿ ನಾನು ಎಲ್ಲ ಹೇಳಿದೆ. ಪ್ರಿಂಟರು, ವೈರು, ಪ್ಲಗ್ಗು. ಹೇಳುತ್ತ ಹೇಳುತ್ತ ನನ್ನ ಮಾತು ನನಗೇ ಹುಡುಗಾಟದಂತೆ ಕೇಳಿಸಿತು. ಒಬ್ಬಳ ಬದುಕು ಕೆಡಿಸಿದ್ದಕ್ಕೆ ಇಷ್ಟೇನಾ ಕಾರಣ ಅನ್ನಿಸಿತು. "ನನ್ನಿಂದ ತಪ್ಪಾತು ಕಣವ್ವ" ಅಂತ ಅವಳ ಕೈ ಹಿಡಿಯಲು ಹೋದೆ. ಅವಳು ಕೈ ಕೊಡಲಿಲ್ಲ, ಕಿತ್ತುಕೊಳ್ಳಲೂ ಇಲ್ಲ. ಸೆರಗು ಸರಿಮಾಡಿಕೊಳ್ಳುವ ನೆಪದಲ್ಲಿ ದೂರ ಇಟ್ಟುಕೊಂಡಳು.

"ಹತ್ತು ಜನದ ಮುಂದೆ ಕಳ್ಳಿ ಅಂದು, ಒಬ್ಬಳ ಮುಂದೆ ತಪ್ಪಾತು ಅಂದ್ರೆ ಹೆಂಗಕ್ಕ?"

ನಾನು ನಡೆಯುವುದನ್ನು ಬಿಟ್ಟು ನಿಂತೆ. ಅವಳೂ ನಿಂತಳು.

"ಬರೆದುಕೊಡ್ರಿ. ಮೇಷ್ಟ್ರಿಗೂ ಕೊಡ್ರಿ, ಶಾಲೆಯವರಿಗೂ ಕೊಡ್ರಿ. ನನಗೂ ಒಂದು ಕಳಿಸ್ರಿ. ನಾಳೆ ಎಲ್ಲಾದ್ರೂ ಕೆಲಸ ಕೇಳಾಕೆ ಹೋದ್ರೆ, ಅಲ್ಲಿ ಯಾಕೆ ಬಿಟ್ರಿ ಅಂತ ಕೇಳ್ತಾರೆ."

ಬಸ್ಸು ಬರುವ ತನಕ ನಿಂತಿದ್ದಳು. ಹತ್ತುವಾಗ "ಹುಷಾರು" ಅಂದಳೋ, ಕಂಡಕ್ಟರ್ ಅಂದನೋ, ನನಗೆ ಈಗಲೂ ಸರಿಯಾಗಿ ಗೊತ್ತಿಲ್ಲ.

ಕಾಗದವನ್ನು ಕೈಯಲ್ಲೇ ಬರೆದೆ. ನಾನು ಅಪವಾದ ಹೊರಿಸಿದ್ದು, ಅದು ಸುಳ್ಳೆಂದು ಗೊತ್ತಾದದ್ದು, ಹೇಗೆ ಗೊತ್ತಾಯಿತು, ಎಲ್ಲ ಬರೆದು ಸಹಿ ಹಾಕಿದೆ. ನಮ್ಮನೆಯವರು ಓದಿ, ಬೇಡ ಅನ್ನಲಿಲ್ಲ. ಕೆಳಗೆ ತಮ್ಮದೂ ಒಂದು ಸಹಿ ಹಾಕಿದರು. ಆ ಒಂದು ಸಹಿಗೆ ನಾನು ಅವರಿಗೆ ಇವತ್ತಿಗೂ ಋಣಿ.

ಮೇಷ್ಟ್ರು ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. ಮಡಿಸಿ ತೊಡೆಯ ಮೇಲೆ ಇಟ್ಟುಕೊಂಡರು.

"ಪೇಪರು ಎಲ್ಲಿಂದ ಹೋತು ಅಂತ ನನಗೆ ಹೋದ ವಾರವೇ ಗೊತ್ತಾತವ್ವ. ಒಂದು ಶಾಲೆಯಾಗೆ ಕವರು ಒಡೆದು, ಮತ್ತೆ ಅರಗು ಹಚ್ಚಿದ್ರು. ಅಲ್ಲಿನವರೇ ಬಂದು ಕಾಲು ಹಿಡ್ಕಂಡ್ರು. ಇನ್ನೊಂದು ಮನೆ ಯಾಕೆ ಹಾಳು ಮಾಡೋದು ಅಂತ ಸುಮ್ನಾದೆ."

"ಮತ್ತೆ ಆ ಹುಡುಗಿ ಮೇಷ್ಟ್ರೆ?"

ಅವರು ಕನ್ನಡಕ ತೆಗೆದು ಪಂಚೆಯ ಚುಂಗಿನಿಂದ ಒರೆಸತೊಡಗಿದರು. ಒರೆಸುತ್ತಲೇ ಇದ್ದರು. ನನ್ನ ಅಕ್ಷರ ತಿದ್ದಿದ ಮನುಷ್ಯ. ಅವರ ಎದುರು ಕೂತು ಅವರ ಮೇಲೆ ಸಿಟ್ಟು ಮಾಡಿಕೊಳ್ಳಲು ನನಗೆ ಯಾವ ಹಕ್ಕಿತ್ತು? ನಾನು ಕೈಬೆರಳು ತೋರಿಸಿದ ಕಡೆ ಅವರು ನೋಡಿದ್ದರು, ಅಷ್ಟೇ. ನಾನು ಹತ್ತು ದಿನ ಸುಮ್ಮನಿದ್ದೆ, ಅವರು ಒಂದು ವಾರ.

ಶಾಲೆಯ ಕಾರ್ಯದರ್ಶಿ ಕಾಗದವನ್ನು ಓದಿ ಡ್ರಾಯರಿಗೆ ಹಾಕಿದರು. ಆ ಜಾಗಕ್ಕೆ ಬೇರೆಯವರು ಬಂದಾಗಿದೆ ಅಂದರು. ನಾನು ಎದ್ದು ಬರಲಿಲ್ಲ. ಕಾಗದ ತಲುಪಿದೆ ಅಂತ ನಕಲಿನ ಮೇಲೆ ಸಹಿ, ಸೀಲು ಹಾಕಿಕೊಡುವ ತನಕ ಅವರ ಎದುರಿಗೆ ಕೂತೇ ಇದ್ದೆ. ಮಧ್ಯಾಹ್ನದ ಊಟದ ಗಂಟೆ ಹೊಡೆದ ಮೇಲೆ ಹಾಕಿಕೊಟ್ಟರು. ಅದನ್ನು ಯಲ್ಲದಕೆರೆಗೆ ರಿಜಿಸ್ಟರ್ ಮಾಡಿದೆ. ನೆರೆಯವರಿಗೂ ಒಬ್ಬೊಬ್ಬರಾಗಿ ಹೇಳಿದೆ. ಕೆಲವರು ನಂಬಿದರು, ಕೆಲವರು ನನ್ನನ್ನು ವಿಚಿತ್ರವಾಗಿ ನೋಡಿದರು. ಪ್ರಶ್ನೆಪತ್ರಿಕೆಯ ಕೆಲಸ ಮತ್ತೆ ಬರಲಿಲ್ಲ, ಬಂದಿದ್ದರೂ ನನ್ನ ಕೈಲಿ ಆಗುತ್ತಿರಲಿಲ್ಲ. ಅವಳಿಂದ ಉತ್ತರ ಬರಲಿಲ್ಲ. ಅಂಚೆಯವನ ಸೈಕಲ್ಲು ನಮ್ಮ ಮನೆ ದಾಟಿ ಹೋದಾಗಲೆಲ್ಲ ಎದ್ದು ಕಿಟಕಿಗೆ ಬರುತ್ತಿದ್ದೆ, ಬಹಳ ದಿನದ ತನಕ.

ಒಂದು ವರ್ಷ ಕಳೆದಮೇಲೆ ಹೊಸದುರ್ಗದ ಕಡೆ ಸಂಬಂಧಿಕರ ಮನೆಗೆ ಹೋದವರು ಹಾಗೇ ಹಾಲುರಾಮೇಶ್ವರಕ್ಕೆ ಹೋಗಿದ್ದೆವು. ದೇವಸ್ಥಾನದ ಅಂಗಳದಲ್ಲಿ ಸ್ಕೂಲಿನ ಮಕ್ಕಳನ್ನು ಸಾಲಾಗಿ ಕೂರಿಸಿ ಚಿತ್ರಾನ್ನ ಬಡಿಸುತ್ತಿದ್ದ ಟೀಚರುಗಳಲ್ಲಿ ಅವಳೂ ಇದ್ದಳು. ಸ್ವಲ್ಪ ದಪ್ಪಗಾಗಿದ್ದಳು. ನಾನು ಕಂಬದ ಮರೆಗೆ ಸರಿಯಬೇಕು ಅನ್ನುವಷ್ಟರಲ್ಲಿ ನೋಡಿಬಿಟ್ಟಳು. ಬಕೆಟ್ಟು ಕೆಳಗಿಟ್ಟು ಹತ್ತಿರ ಬಂದಳು.

"ಚೆನ್ನಾಗಿದೀರೇನಕ್ಕ?"

"ಹೂಂ ಕಣವ್ವ. ನೀನು?"

"ಇಲ್ಲೇ ಹೊಸದುರ್ಗದಾಗೆ ಐದೀನಿ. ಈ ಶಾಲೆ ಸಿಕ್ಕಿ ಆರು ತಿಂಗಳಾತು."

ಕಾಗದ ತಲುಪಿತೇ, ಅದರಿಂದ ಏನಾದರೂ ಆಯಿತೇ ಅಂತ ಕೇಳಬೇಕು ಅನ್ನಿಸಿತು. ಅಷ್ಟರಲ್ಲಿ ಅವಳ ಜೊತೆಯ ಇನ್ನೊಬ್ಬ ಟೀಚರ್ ಬಂದು ಇವರು ಯಾರು ಅನ್ನುವಂತೆ ನೋಡಿದಳು. ನಾನು ತಲೆ ತಗ್ಗಿಸಿದೆ.

"ನಾನು ಹೊಳಲ್ಕೆರೆಯಾಗೆ ಇದ್ದಾಗ ಇವರ ಮನೆ ಮ್ಯಾಲೆ ಬಾಡಿಗೆಗಿದ್ದೆ" ಅಂತ ಆ ಟೀಚರಿಗೆ ಹೇಳಿದಳು. ನನ್ನ ಕಡೆ ತಿರುಗಿ, "ಊಟ ಮಾಡ್ಕಂಡು ಹೋಗ್ರಿ, ಇನ್ನೂ ಐತೆ" ಅಂದಳು. ಬಕೆಟ್ಟು ಎತ್ತಿಕೊಂಡು ಮಕ್ಕಳ ಸಾಲಿನ ಕಡೆ ಹೋದಳು.

ನಾವು ಸಾಲಿನ ಕೊನೆಯಲ್ಲಿ ಕೂತೆವು. ಬಡಿಸಲು ಬಂದವಳು ಬೇರೆ ಟೀಚರ್.